ತೋಟದ ಮನೆಗೆ ವೈಫೈ ತಲುಪುತ್ತಿಲ್ಲವೇ? ಎಲ್ಲಿ ಕೆಟ್ಟಿದೆ ಎಂದು ಹುಡುಕುವ ದಾರಿ

ಮಲೆನಾಡಿನಲ್ಲಿ ಈಗ ಇದು ಸಾಮಾನ್ಯ. ರಸ್ತೆ ಬದಿಯ ಹಳೆ ದೊಡ್ಡಮನೆಗೆ ಫೈಬರ್ ಬಂದಿದೆ. ತೋಟದಾಚೆ, ಇನ್ನೂರು ಮೀಟರ್ ದೂರದಲ್ಲಿ, ಇನ್ನೊಂದು ಚಿಕ್ಕ ಮನೆ ಇದೆ. ಅಲ್ಲಿ ಹೋಂಸ್ಟೇ ಅತಿಥಿಗಳೋ, ಬೆಂಗಳೂರಿನ ಕೆಲಸವನ್ನು ಊರಿಂದಲೇ ಮಾಡುವ ಮಗಳೋ ಇರುತ್ತಾರೆ. ದೊಡ್ಡಮನೆಯ ಸೂರಿಗೆ ವೈಫೈಯನ್ನು ದೂರಕ್ಕೆ ಹರಡುವ ಒಂದು ಔಟ್‌ಡೋರ್ ಪೆಟ್ಟಿಗೆ ಕಟ್ಟಿದ್ದಾಯಿತು. ಚಿಕ್ಕಮನೆಯ ಅಂಗಳದಲ್ಲಿ ಸಿಗ್ನಲ್ ಕಾಣಿಸುತ್ತದೆ. ಒಳಗೆ ಮಾತ್ರ ಏನೂ ಇಲ್ಲ.

ಇಂಥ ಹೊತ್ತಲ್ಲಿ ಹೆಚ್ಚಿನವರು ಮಾಡುವುದು ಇನ್ನೂ ದೊಡ್ಡ ಆಂಟೆನಾ ತರುವ ಕೆಲಸ. ಅದು ಕೊನೆಯ ಉಪಾಯವಾಗಬೇಕು, ಮೊದಲಿನದಲ್ಲ. ಗೋಡೆ ದಾಟಿಸಲು ಸಿಗ್ನಲ್ಲನ್ನು ಜೋರಾಗಿ ತಳ್ಳುವುದಕ್ಕಿಂತ ಹೊರಗೇ ಹಿಡಿದು, ವೈರಿನಲ್ಲಿ ಒಳಗೆ ತಂದು, ಒಳಗೆ ಹೊಸದಾಗಿ ಹರಡುವುದು ಅಗ್ಗ. ಕೆಲಸವೂ ಗಟ್ಟಿ.

ಏಣಿ ಹತ್ತುವ ಮೊದಲು

ಗುಡುಗು ಕೇಳಿಸುತ್ತಿದ್ದರೆ ಯಾವ ಕೇಬಲ್ಲನ್ನೂ ಮುಟ್ಟಬೇಡಿ, ಮಾಡಿನ ಮೇಲೆ ಹೋಗಬೇಡಿ. ಪೆಟ್ಟಿಗೆ ಕಟ್ಟುವ ಕಬ್ಬಿಣದ ಪೈಪು ಜಾರಿ ಬಿದ್ದರೂ ಕರೆಂಟ್ ಲೈನಿಗೆ ತಾಗದಷ್ಟು ದೂರ ಇರಬೇಕು. ಮರದ ಮೇಲಿಂದ ಕೇಬಲ್ ದಾಟಿಸಲು ದೋಟಿ (ಕೊನೆ ಕೊಯ್ಯುವ ಉದ್ದ ಕೋಲು) ಬಳಸುವವರಿದ್ದಾರೆ. ಅಲ್ಯೂಮಿನಿಯಂ ಮಾತ್ರ ಅಲ್ಲ, ಕಾರ್ಬನ್ ಫೈಬರ್ ದೋಟಿಯಲ್ಲೂ ಕರೆಂಟ್ ಹರಿಯುತ್ತದೆ. ಲೈನಿನ ಹತ್ತಿರ ಅದನ್ನು ಎತ್ತಲೇಬೇಡಿ. ಪಾಚಿ ಕಟ್ಟಿದ ಹಂಚಿನ ಮಾಡಿನ ಮೇಲೆ ಮಳೆಗಾಲದಲ್ಲಿ ಕಾಲಿಡುವ ಕೆಲಸ ಯಾವ ವೈಫೈಗೂ ಬೇಡ.

"ಚಿಕ್ಕಮನೆಯಲ್ಲಿ ನೆಟ್ಟೇ ಇಲ್ಲ"

ಮೊದಲು ದೊಡ್ಡಮನೆಗೆ ನಡೆದು ಹೋಗಿ. ರೂಟರ್ ಪಕ್ಕ ನಿಂತು ಮೊಬೈಲ್ ಡೇಟಾ ಆಫ್ ಮಾಡಿ, ಏನಾದರೂ ತೆರೆದು ನೋಡಿ. ಅಲ್ಲೇ ಇಲ್ಲ ಅಂದ್ರೆ ತೋಟದ ಕಡೆ ತಲೆ ಹಾಕುವ ಅಗತ್ಯವೇ ಇಲ್ಲ. ಫೈಬರ್ ಬಾಕ್ಸಿನಲ್ಲಿ ಎಲ್‌ಒಎಸ್ ಎಂದು ಬರೆದ ಲೈಟ್ ಕೆಂಪಗಿದ್ದರೆ ಬೆಳಕು ಬರುತ್ತಿಲ್ಲ ಎಂದರ್ಥ. ಎಲ್ಲೋ ಗಾಳಿಗೆ ಕೊಂಬೆ ಬಿದ್ದು ಫೈಬರ್ ಕಡಿದಿರುತ್ತದೆ, ಇಲ್ಲವೇ ಬಾಕ್ಸಿನ ಹಿಂದೆ ಅದು ಬಲವಾಗಿ ಮಡಚಿಕೊಂಡಿರುತ್ತದೆ. ಮಡಿಕೆ ಇದ್ದರೆ ಮೆಲ್ಲಗೆ ಬಿಡಿಸಿ. ಲೈಟ್ ಕೆಂಪಗೇ ಉಳಿದರೆ ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿ. ಕಡಿದ ಫೈಬರಿನ ತುದಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಬೇಡಿ. ಅದರೊಳಗಿನ ಬೆಳಕು ಕಾಣಿಸುವುದಿಲ್ಲ, ಕಣ್ಣಿಗೆ ಮಾತ್ರ ಕೆಟ್ಟದ್ದು.

ದೊಡ್ಡಮನೆಯಲ್ಲಿ ಸರಿಯಿದ್ದರೆ ಚಿಕ್ಕಮನೆಗೆ ವಾಪಸ್ ಬನ್ನಿ. ಫೋನಿಗೆ ಯಾವುದಾದರೂ ಪಿಂಗ್ ಆ್ಯಪ್ ಹಾಕಿಕೊಂಡು ದೊಡ್ಡಮನೆಯ ರೂಟರ್ ವಿಳಾಸಕ್ಕೆ ಪಿಂಗ್ ಮಾಡಿ, ಅಂದರೆ ಅಲ್ಲಿಂದ ಉತ್ತರ ಬರುತ್ತದೆಯೇ ನೋಡಿ. ಸಾಮಾನ್ಯವಾಗಿ ಅದು 192.168.1.1. ಆಮೇಲೆ ಹೊರಗಿನ ಇಂಟರ್ನೆಟ್ಟಿನಲ್ಲಿರುವ ಗೂಗಲ್ ವಿಳಾಸ 8.8.8.8ಕ್ಕೆ ಮಾಡಿ. ಮೊದಲನೆಯದು ತಪ್ಪುತ್ತಿದ್ದರೆ ತೊಂದರೆ ನಿಮ್ಮ ಎರಡು ಮನೆಗಳ ನಡುವೆ. ಮೊದಲನೆಯದು ಸರಿ, ಎರಡನೆಯದು ಇಲ್ಲ ಎಂದರೆ ತೊಂದರೆ ಕಂಪನಿ ಕಡೆಯದು, ಇಲ್ಲವೇ ಮುಂದೆ ಹೇಳುವ ವಿಳಾಸದ ಜಗಳದ್ದು. ಸುಮ್ನೆ ಎಲ್ಲ ಪೆಟ್ಟಿಗೆಗಳನ್ನೂ ಆಫ್-ಆನ್ ಮಾಡುತ್ತಾ ಕೂರುವ ಮುನ್ನ ಈ ಎರಡು ಪಿಂಗ್ ಮಾಡಿದರೆ ಅರ್ಧ ದಿನ ಉಳಿಯುತ್ತದೆ.

"ಜಗಲಿಯಲ್ಲಿ ಸಿಗುತ್ತೆ, ಒಳಗೆ ಹೋದ್ರೆ ಮಾಯ"

ಇದಕ್ಕೆ ಕಾರಣ ಗೋಡೆ ಅಥವಾ ಮಾಡು. ಊಹೆ ಮಾಡುವುದಕ್ಕಿಂತ ಅಳೆಯುವುದು ಒಳ್ಳೆಯದು. ಆಂಡ್ರಾಯ್ಡ್ ಫೋನಿನಲ್ಲಿ ವೈಫೈ ಅನಲೈಸರ್ ಥರದ ಉಚಿತ ಆ್ಯಪ್ ಸಾಕು. ಅದು ಸಿಗ್ನಲ್ಲನ್ನು ಮೈನಸ್ ಸಂಖ್ಯೆಯಲ್ಲಿ, ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. ಮೈನಸ್ 50 ಅಂದ್ರೆ ಭರ್ಜರಿ. ಮೈನಸ್ 65ರವರೆಗೆ ವಿಡಿಯೊ ಕಾಲ್ ಆರಾಮ. 75 ದಾಟಿದರೆ ಎಳೆದಾಟ ಶುರು. 85ರ ನಂತರ ಹೆಸರು ಕಾಣಿಸುತ್ತದೆ ಅಷ್ಟೇ. ಸಂಖ್ಯೆ 3 ಇಳಿದರೆ, ಅಂದರೆ ಮೈನಸ್ 50 ಇದ್ದದ್ದು ಮೈನಸ್ 53 ಆದರೆ, ಬರುವ ಶಕ್ತಿ ಅರ್ಧಕ್ಕೆ ಇಳಿಯಿತು ಎಂದು ಲೆಕ್ಕ.

ಅಂಗಳದಲ್ಲಿ, ಜಗಲಿಯಲ್ಲಿ, ನಡುಮನೆಯಲ್ಲಿ, ಹಿಂದಿನ ಕೋಣೆಯಲ್ಲಿ ನಿಂತು ನೋಡಿ ಬರೆದುಕೊಳ್ಳಿ. ಬಾಗಿಲು ದಾಟಿದ ಕೂಡಲೇ 15–20 ಇಳಿದರೆ ಗೋಡೆಯದ್ದೇ ಕಾರಣ. ನಮ್ಮ ಕಡೆಯ ಚಿರೆಕಲ್ಲಿನ (ಜಂಬಿಟ್ಟಿಗೆ ಅನ್ನಿ) ಗೋಡೆ ದಪ್ಪ. ಕಲ್ಲಿನ ತುಂಬ ತೂತು. ಮಳೆಗಾಲದಲ್ಲಿ ಅದು ನೀರು ಕುಡಿದು ಕೂತಿರುತ್ತದೆ, ಸಿಗ್ನಲ್ಲನ್ನೂ ನುಂಗುತ್ತದೆ. ಹಳೆ ಮಣ್ಣಿನ ಗೋಡೆಯೂ ಹಾಗೆಯೇ. ಹಂಚು ಅಷ್ಟೇನೂ ತಡೆಯುವುದಿಲ್ಲ. ತಗಡಿನ ಶೀಟು ಮಾತ್ರ ಸಿಗ್ನಲ್ಲನ್ನು ಪೂರ್ತಿ ವಾಪಸ್ ತಳ್ಳುತ್ತದೆ. ಸೆಕೆ ತಡೆಯಲೆಂದು ಹಂಚಿನ ಕೆಳಗೆ ಬಡಿಯುವ ಮಿಂಚುವ ಫಾಯಿಲ್ ಶೀಟು, ಕಿಟಕಿಯ ಕಬ್ಬಿಣದ ಸೊಳ್ಳೆ ಬಲೆ, ದೊಡ್ಡ ಕನ್ನಡಿ ಬೀರು, ಇವೂ ಅದೇ ಜಾತಿ.

ಖರ್ಚಿಲ್ಲದ ಪರೀಕ್ಷೆ ಒಂದಿದೆ. ದೊಡ್ಡಮನೆಯ ಕಡೆ ಮುಖ ಮಾಡಿದ ಕಿಟಕಿಯ ಬಲೆ ಬಿಚ್ಚಿ, ಕಿಟಕಿಯಲ್ಲೇ ಫೋನ್ ಹಿಡಿದು ನೋಡಿ. ಸಂಖ್ಯೆ ಚೆನ್ನಾಗಿ ಬಂದರೆ ಆ ಕಿಟಕಿಯಲ್ಲಿ ಸಾಧಾರಣ ರಿಪೀಟರ್ ಇಟ್ಟು ಕೆಲವು ದಿನ ನೋಡಬಹುದು. ಆದರೆ ರಿಪೀಟರನ್ನು ಸಿಗ್ನಲ್ ಸಿಗದ ಕೋಣೆಯಲ್ಲಿ ಇಡುತ್ತಾರಲ್ಲ, ಅದು ವ್ಯರ್ಥ. ಅದಕ್ಕೇ ಸಿಗ್ನಲ್ ಸಿಗದಿದ್ದರೆ ಅದು ಹರಡುವುದೇನನ್ನು? ಇನ್ನೊಂದು ವಿಷಯ: ಒಂದೇ ರೇಡಿಯೊದಲ್ಲಿ ಕೇಳಿ, ಅದರಲ್ಲೇ ಮತ್ತೆ ಹೇಳುವ ರಿಪೀಟರಿನಲ್ಲಿ ವೇಗ ಸುಮಾರು ಅರ್ಧವಾಗುತ್ತದೆ. ಅದು ದೋಷ ಅಲ್ಲ, ಅದರ ಸ್ವಭಾವ.

ಕಿಟಕಿ ಉಪಾಯ ಸಾಲದಿದ್ದರೆ ಚಿಕ್ಕಮನೆಯ ಹೊರಗೋಡೆಗೂ ಒಂದು ಔಟ್‌ಡೋರ್ ಪೆಟ್ಟಿಗೆ ಬೇಕು. ಟಿಪಿ-ಲಿಂಕ್‌ನ ಸಿಪಿಇ210, ಸಿಪಿಇ510, ಯುಬಿಕ್ವಿಟಿಯ ನ್ಯಾನೊಸ್ಟೇಷನ್ ಇವೆಲ್ಲ ಈ ಕೆಲಸದವು. ಇದನ್ನು ಕ್ಲೈಂಟ್ ಮೋಡಿನಲ್ಲಿ (ದೊಡ್ಡಮನೆಯ ಪೆಟ್ಟಿಗೆಯ ಸಿಗ್ನಲ್ ಹಿಡಿಯುವಂತೆ) ಇಟ್ಟು, ಅಲ್ಲಿಂದ ಲ್ಯಾನ್ ಕೇಬಲ್ ಒಳಗೆ ತನ್ನಿ. ಒಳಗೆ ಮನೆಯಲ್ಲಿ ಬಿದ್ದಿರುವ ಹಳೆ ರೂಟರೇ ಸಾಕು. ಅದರಲ್ಲಿ ಡಿಎಚ್‌ಸಿಪಿ (ಫೋನು, ಲ್ಯಾಪ್‌ಟಾಪುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವಿಳಾಸವನ್ನು 192.168.1.2ಕ್ಕೆ ಬದಲಿಸಿ, ಕೇಬಲ್ಲನ್ನು ವ್ಯಾನ್ ಪೋರ್ಟಿಗೆ ಅಲ್ಲ, ಲ್ಯಾನ್ ಪೋರ್ಟಿಗೆ ಹಾಕಿ. ಈಗ ಅದು ಬರೀ ಹರಡುವ ಕೆಲಸ ಮಾಡುತ್ತದೆ.

"ಕಡ್ಡಿ ಎಲ್ಲ ಇವೆ, ಏನೂ ತೆರೆಯಲ್ಲ"

ದೊಡ್ಡಮನೆಯ ಪೆಟ್ಟಿಗೆಯನ್ನು ಫೋನ್ ನೇರವಾಗಿ ಹಿಡಿಯುತ್ತಿದ್ದರೆ ಇದು ಆಗೇ ಆಗುತ್ತದೆ. ಅದು ಜೋರಾಗಿ ಹೇಳುತ್ತದೆ, ಫೋನಿನ ದನಿ ಸಣ್ಣದು. ಯಕ್ಷಗಾನದ ಮೈಕಿನ ಭಾಗವತಿಕೆ ಗುಡ್ಡದಾಚೆಗೂ ಕೇಳುತ್ತದೆ, ನೀವು ಅಲ್ಲಿಂದ ಕೂಗಿದ್ದು ಭಾಗವತರಿಗೆ ಕೇಳುವುದಿಲ್ಲ, ಅಲ್ವಾ? ಕಡ್ಡಿ ತೋರಿಸುವುದು ನಿಮಗೆ ಎಷ್ಟು ಕೇಳಿಸುತ್ತಿದೆ ಎಂದು ಮಾತ್ರ. ದೊಡ್ಡಮನೆಯಲ್ಲಿ ಪವರ್ ಏರಿಸಿದರೆ ಈ ಕಾಯಿಲೆ ಇನ್ನೂ ಜಾಸ್ತಿ ಎದ್ದು ಕಾಣುತ್ತದೆ. ಮೇಲೆ ಹೇಳಿದ ಎರಡನೇ ಪೆಟ್ಟಿಗೆಯೇ ಮದ್ದು. ಅದರ ದನಿಯೂ ದೊಡ್ಡದು, ಕಿವಿಯೂ ಚುರುಕು.

ಎರಡು ಪೆಟ್ಟಿಗೆ ಇದ್ದೂ ಹೀಗಾದರೆ ವಿಳಾಸದ ಜಗಳ ನೋಡಿ. ಲ್ಯಾಪ್‌ಟಾಪಿನಲ್ಲಿ 169.254 ಎಂದು ಶುರುವಾಗುವ ಐಪಿ ವಿಳಾಸ ಕಂಡರೆ ಯಾರೂ ಅದಕ್ಕೆ ವಿಳಾಸ ಕೊಟ್ಟಿಲ್ಲ. ಲಿಂಕ್ ಕಡಿದಿದೆ, ಇಲ್ಲವೇ ಎಲ್ಲ ಕಡೆ ಡಿಎಚ್‌ಸಿಪಿ ಆಫ್ ಆಗಿದೆ. ವಿಳಾಸ ಸಿಕ್ಕಿಯೂ ನೆಟ್ ಇಲ್ಲ ಎಂದರೆ ಎರಡೂ ರೂಟರುಗಳು 192.168.1.1 ಎಂಬ ಒಂದೇ ಹೆಸರಲ್ಲಿ ಕುಳಿತಿರಬಹುದು. ಹಳೆ ರೂಟರನ್ನು ರೀಸೆಟ್ ಮಾಡಿದ ಮೇಲೆ ಈ ತೊಂದರೆ ಬರುವುದು ಜಾಸ್ತಿ, ಏಕೆಂದರೆ ವಿಳಾಸ ಮೊದಲಿನದಕ್ಕೇ ಮರಳಿ, ನೀವು ಆಫ್ ಮಾಡಿದ್ದ ಡಿಎಚ್‌ಸಿಪಿ ಮತ್ತೆ ಆನ್ ಆಗಿರುತ್ತದೆ.

"ಬೇಸಿಗೆಯಲ್ಲಿ ಚೆನ್ನಾಗಿತ್ತು, ಮಳೆಗೆ ಹಾಳಾಯ್ತು"

ಎಲ್ಲರೂ ಮಳೆಯನ್ನು ಬೈಯುತ್ತಾರೆ. ಇನ್ನೂರು ಮೀಟರಿನಲ್ಲಿ ಬೀಳುವ ಮಳೆಹನಿ ವೈಫೈ ಬಳಸುವ 2.4 ಅಥವಾ 5 ಗಿಗಾಹರ್ಟ್ಸ್ ಸಿಗ್ನಲ್ಲನ್ನು ತಡೆಯುವುದು ಲೆಕ್ಕಕ್ಕೇ ಬಾರದಷ್ಟು, ಆಗುಂಬೆಯ ಮಳೆಯಾದರೂ ಸರಿ. ತಡೆಯುವುದು ಒದ್ದೆ ಎಲೆ. ಬೇಸಿಗೆಯಲ್ಲಿ ಬೋಳಾಗಿದ್ದ ಬೇಲಿ ಗಿಡ ಚಿಗುರುತ್ತದೆ, ಮೆಣಸಿನ ಬಳ್ಳಿ ಹೊಸ ಎಲೆ ಬಿಡುತ್ತದೆ, ಬಾಳೆ ಆಳೆತ್ತರ ಬೆಳೆಯುತ್ತದೆ. ಅವೆಲ್ಲ ನೀರು ಹೊತ್ತು ನಿಂತಾಗ ಸಿಗ್ನಲ್ಲಿಗೆ ದಾರಿ ಎಲ್ಲಿ?

ಪರೀಕ್ಷೆ ಸುಲಭ. ಔಟ್‌ಡೋರ್ ಪೆಟ್ಟಿಗೆಯ ವಿಳಾಸವನ್ನು ಬ್ರೌಸರಿನಲ್ಲಿ ಹಾಕಿ, ಬರುವ ಪುಟದಲ್ಲಿ ಸಿಗ್ನಲ್ ಸಂಖ್ಯೆ ನೋಡಿ. ಟಿಪಿ-ಲಿಂಕ್ ಸಿಪಿಇಗಳಿಗೆ ಹೊಸದರಲ್ಲಿ 192.168.0.254, ಯುಬಿಕ್ವಿಟಿಗೆ 192.168.1.20 ವಿಳಾಸ ಇರುತ್ತದೆ. ನಡುವೆ ಅಡ್ಡಿ ಇಲ್ಲದಿದ್ದರೆ ಇನ್ನೂರು ಮೀಟರಿಗೆ ಮೈನಸ್ 50ರ ಆಸುಪಾಸು ಬರಬೇಕು. 75 ಬರುತ್ತಿದ್ದರೆ ಏನೋ ಅಡ್ಡ ಇದೆ. ಮಳೆ ನಿಂತು ಎಲೆ ಒಣಗಿದ ಮಧ್ಯಾಹ್ನ ಇನ್ನೊಮ್ಮೆ ನೋಡಿ. ಸಂಖ್ಯೆ ಸುಧಾರಿಸಿದರೆ ಎಲೆಯದ್ದೇ ಕೆಲಸ. ಒಣಗಿದರೂ ಹಾಗೇ ಇದ್ದರೆ ಪೆಟ್ಟಿಗೆ ಗಾಳಿಗೆ ತಿರುಗಿರಬಹುದು ಅಥವಾ ಅದರೊಳಗೆ ನೀರು ಹೋಗಿರಬಹುದು.

ಎಲೆ ಅಡ್ಡ ಬಂದರೆ ಪೆಟ್ಟಿಗೆ ಎತ್ತರಿಸಿ ಎನ್ನುವುದು ಎಲ್ಲ ಪುಸ್ತಕದ ಮಾತು. ಅಡಿಕೆ ತೋಟದಲ್ಲಿ ಅದು ಯಾವಾಗಲೂ ನಿಜವಲ್ಲ. ಬೆಳೆದ ತೋಟದಲ್ಲಿ ಸೋಗೆಯೆಲ್ಲ ಮೇಲೆ. ಕೆಳಗೆ ಬರೀ ಕಾಂಡ, ನಡುವೆ ಖಾಲಿ ಓಣಿ. ಪೆಟ್ಟಿಗೆಯನ್ನು ಎತ್ತರಕ್ಕೆ ಏರಿಸಿದರೆ ಸೀದಾ ಸೋಗೆಯ ನಡುವೆ ಕೂರಿಸಿದಂತಾಗುತ್ತದೆ. ಮೂರು ನಾಲ್ಕು ಮೀಟರ್ ಎತ್ತರದಲ್ಲೇ ಇಟ್ಟು, ಎರಡು ಸಾಲುಗಳ ನಡುವಿನ ಓಣಿಯಲ್ಲಿ ನೇರ ಗುರಿ ಇಟ್ಟು ನೋಡಿ. ಸಿಗ್ನಲ್ಲು ಗೆರೆಯಂತೆ ಹೋಗುವುದಿಲ್ಲ, ನಡುದಾರಿಯಲ್ಲಿ ಉಬ್ಬಿಕೊಂಡು ಹೋಗುತ್ತದೆ. ಇನ್ನೂರು ಮೀಟರ್ ಲಿಂಕಿಗೆ ನಡುಮಧ್ಯದಲ್ಲಿ ಎಲ್ಲ ಬದಿಗೂ 2.4ರಲ್ಲಿ ಸುಮಾರು ಒಂದೂವರೆ ಮೀಟರ್, 5 ಗಿಗಾಹರ್ಟ್ಸಿನಲ್ಲಿ ಸುಮಾರು ಒಂದು ಮೀಟರ್ ಖಾಲಿ ಜಾಗ ಬೇಕು. ಅಡಿಕೆ ನೆಡುವುದು 2.7 ಮೀಟರ್ ಅಂತರದಲ್ಲಿ. ಓಣಿಯ ನಡುವಿನಿಂದ ಮರಕ್ಕೆ 1.35 ಮೀಟರ್. ಅಂದರೆ ಸಾಲು ನೇರವಾಗಿದ್ದರೆ 5 ಗಿಗಾಹರ್ಟ್ಸ್ ಲಿಂಕ್ ಓಣಿಯಲ್ಲಿ ಸಲೀಸಾಗಿ ಹಿಡಿಸುತ್ತದೆ, 2.4 ಸ್ವಲ್ಪ ಉಜ್ಜಿಕೊಂಡು ಹೋಗುತ್ತದೆ. ಎಲೆ ಸೀಳಿಕೊಂಡೇ ಹೋಗಬೇಕಾದ ಜಾಗದಲ್ಲಿ ಮಾತ್ರ 2.4 ಮೇಲು.

ಬಾಳೆ, ಕೋಕೋ ಇರುವ ಓಣಿ ಬೇಡ. ಬಸಿಗಾಲುವೆ ಹಾದ ಓಣಿ ಹುಡುಕಿ, ಅಲ್ಲಿ ಯಾರೂ ಗಿಡ ಹಾಕಿರುವುದಿಲ್ಲ. ಆ ಓಣಿಯ ತುದಿ ನಿಮ್ಮ ಜಗಲಿಗೆ ಬರದೆ ದನದ ಕೊಟ್ಟಿಗೆಗೆ ಬಂದರೂ ಪರವಾಗಿಲ್ಲ. ಪೆಟ್ಟಿಗೆಯನ್ನು ಕೊಟ್ಟಿಗೆಗೇ ಕಟ್ಟಿ, ಅಲ್ಲಿಂದ ಕೇಬಲ್ ಎಳೆದರಾಯಿತು. ತಾಮ್ರದ ಲ್ಯಾನ್ ಕೇಬಲ್ 100 ಮೀಟರ್ ದಾಟದಿರಲಿ.

ಅಡಿಕೆ ಮರಕ್ಕೇ ಪೆಟ್ಟಿಗೆ ಕಟ್ಟುವುದು ಕಡಿಮೆ ಖರ್ಚಿನ ಕೆಲಸ ಅನ್ನಿಸುತ್ತದೆ. ಗಾಳಿಗೆ ಮರ ಎಷ್ಟು ತೂಗುತ್ತದೆ ಎಂದು ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡರನ್ನು ಕೇಳಿ. ನೆಲಕ್ಕೆ ಕಾಂಕ್ರೀಟ್ ಹಾಕಿ ಜಿಐ ಪೈಪ್ ನಿಲ್ಲಿಸಿ. ಪೆಟ್ಟಿಗೆಯ ಜೊತೆ ಬರುವ ಪ್ಲಾಸ್ಟಿಕ್ ಟೈ ಎರಡು ಬೇಸಿಗೆಯ ಬಿಸಿಲಿಗೆ ಪುಡಿಯಾಗುತ್ತದೆ. ನೀರಿನ ಪೈಪಿಗೆ ಹಾಕುವ ಸ್ಟೀಲ್ ಕ್ಲಾಂಪೇ ಇದಕ್ಕೂ ಸರಿ.

"ಹೊರಗಿನ ಪೆಟ್ಟಿಗೆಯಲ್ಲಿ ಲೈಟೇ ಇಲ್ಲ"

ಈ ಪೆಟ್ಟಿಗೆಗಳಿಗೆ ಕರೆಂಟ್ ಹೋಗುವುದು ಲ್ಯಾನ್ ಕೇಬಲ್ಲಿನಲ್ಲೇ. ಒಳಗಿರುವ ಪಿಒಇ ಅಡಾಪ್ಟರಿನಲ್ಲಿ ಎರಡು ತೂತು ಇರುತ್ತವೆ. ಪಿಒಇ ಎಂದು ಬರೆದದ್ದು ಹೊರಗಿನ ಪೆಟ್ಟಿಗೆಗೆ, ಲ್ಯಾನ್ ಎಂದು ಬರೆದದ್ದು ರೂಟರಿಗೆ. ಮನೆ ಗುಡಿಸುವಾಗ ಬಿಚ್ಚಿ ಹಾಕಿದ ಮೇಲೆ ಇವು ಅದಲು ಬದಲಾಗುವುದೇ ಹೆಚ್ಚು. ಮೊದಲು ಅದನ್ನು ನೋಡಿ. ಅಡಾಪ್ಟರ್ ಕಳೆದುಹೋದರೆ ಸಿಕ್ಕಿದ್ದನ್ನು ಹಾಕಬೇಡಿ. ಕೆಲವಕ್ಕೆ 24 ವೋಲ್ಟ್, ಕೆಲವಕ್ಕೆ 48. ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಪಿಒಇ ತುದಿಯನ್ನು ಲ್ಯಾಪ್‌ಟಾಪಿಗೆ ಚುಚ್ಚುವುದೂ ಬೇಡ, ಅದರ ಪೋರ್ಟ್ ಸುಟ್ಟುಹೋಗಬಹುದು.

ಅಡಾಪ್ಟರ್ ಸರಿಯಿದ್ದರೆ ಹೊರಗಿನ ಪೆಟ್ಟಿಗೆಯನ್ನು ಇಳಿಸಿ, ಒಳಗೆ ತಂದು, ಒಂದು ಮೀಟರಿನ ಒಳ್ಳೆ ಕೇಬಲ್ಲಿನಲ್ಲಿ ಚುಚ್ಚಿ ನೋಡಿ. ಲೈಟ್ ಬಂದರೆ ಕೆಟ್ಟಿರುವುದು ಉದ್ದದ ಕೇಬಲ್. ಅದರ ತುದಿಯ ಪ್ಲಾಸ್ಟಿಕ್ ಕನೆಕ್ಟರನ್ನು ಬೆಳಕಿಗೆ ಹಿಡಿಯಿರಿ. ಎಂಟು ಹೊಂಬಣ್ಣದ ಪಿನ್ನುಗಳಲ್ಲಿ ಒಂದೆರಡು ಹಸಿರು ಅಥವಾ ಕಪ್ಪಾಗಿದ್ದರೆ ನೀರು ಕುಡಿದಿದೆ. ಕೇಬಲ್ಲಿನ ಸಿಪ್ಪೆಯೊಳಗಿಂದಲೇ ನೀರು ಇಳಿದು ಬರುವುದೂ ಉಂಟು. ತುದಿಯಿಂದ ಒಂದಡಿ ಕತ್ತರಿಸಿ, ಒಳಗಿನ ತಂತಿ ಕೆಂಪಗೆ ಕಂಡರೆ ಹೊಸ ಕನೆಕ್ಟರ್ ಹಾಕಿ. ಆ ತಂತಿಯನ್ನು ಬ್ಲೇಡಿನಲ್ಲಿ ಕೆರೆದಾಗ ಬೆಳ್ಳಗೆ ಕಂಡರೆ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಉದ್ದಕ್ಕೆ ಎಳೆದರೆ ಅದರಲ್ಲಿ ವೋಲ್ಟೇಜ್ ಜಾಸ್ತಿ ಬಿದ್ದುಹೋಗುತ್ತದೆ, ತುದಿ ಬೇಗ ಮುರಿಯುತ್ತದೆ. ಪೂರ್ತಿ ತಾಮ್ರದ, ಹೊರಗಡೆಗೆಂದೇ ಮಾಡಿದ ಕೇಬಲ್ ಹಾಕಿ. ಗೋಡೆಯ ತೂತಿಗೆ ಹೋಗುವ ಮುಂಚೆ ಕೇಬಲ್ಲನ್ನು ಸ್ವಲ್ಪ ಜೋಲು ಬಿಟ್ಟರೆ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಬರುವುದಿಲ್ಲ.

ಹೆಗ್ಗಣ ಕಚ್ಚಿದ್ದು, ಮಂಗ ಜಗ್ಗಿದ್ದು, ಪೆಟ್ಟಿಗೆಯೊಳಗೆ ಇರುವೆ ಗೂಡು ಕಟ್ಟಿದ್ದು, ಇವನ್ನೂ ನೋಡಿ. ಕಣಜದ ಗೂಡಿದ್ದರೆ ಏಣಿ ಮೇಲೆ ನಿಂತು ಬಿಡಿಸಲು ಹೋಗಬೇಡಿ.

"ಕರೆಂಟ್ ಹೋಗಿ ಬಂದ್ರೆ ಬರೋದೇ ಇಲ್ಲ"

ಫೈಬರ್ ಬಾಕ್ಸ್, ದೊಡ್ಡಮನೆಯ ಪೆಟ್ಟಿಗೆ, ಚಿಕ್ಕಮನೆಯ ಪೆಟ್ಟಿಗೆ, ಒಳಗಿನ ರೂಟರ್: ಈ ನಾಲ್ಕಕ್ಕೂ ಕರೆಂಟ್ ಬೇಕು. ಚಿಕ್ಕಮನೆಗೆ ಮಾತ್ರ ಯುಪಿಎಸ್ ಇಟ್ಟು ದೊಡ್ಡಮನೆಯದನ್ನು ಮರೆತರೆ ಪ್ರಯೋಜನವಿಲ್ಲ. 12 ವೋಲ್ಟಿನ ಸಣ್ಣ ರೂಟರ್ ಯುಪಿಎಸ್ ಎಷ್ಟೋ ಬಾಕ್ಸುಗಳಿಗೆ ಸರಿಹೋಗುತ್ತದೆ. 24 ವೋಲ್ಟಿನ ಪಿಒಇಗೆ ಅದು ಆಗದು, ಅದನ್ನು ಇನ್ವರ್ಟರ್ ಲೈನಿಗೆ ಹಾಕಿ. ಕರೆಂಟ್ ಬಂದ ಮೇಲೂ ನೆಟ್ ಇಲ್ಲದಿದ್ದರೆ ದೊಡ್ಡಮನೆಯಿಂದ ಶುರು ಮಾಡಿ ಒಂದೊಂದಾಗಿ ಆನ್ ಮಾಡುತ್ತಾ ಬನ್ನಿ.

5 ಗಿಗಾಹರ್ಟ್ಸ್ ಲಿಂಕ್ ಆನ್ ಆದ ಮೇಲೆ ಒಂದು ನಿಮಿಷ ಸುಮ್ಮನಿದ್ದರೆ ಗಾಬರಿ ಬೇಡ. ಕೆಲವು ಚಾನೆಲ್ಲುಗಳಲ್ಲಿ ರೇಡಾರ್ ಇದೆಯೇ ಎಂದು ಕೇಳಿಸಿಕೊಂಡ ಮೇಲೆಯೇ ಅದು ಮಾತಾಡಬೇಕೆಂಬ ನಿಯಮ ಇದೆ. ದೇಶದ ಜಾಗದಲ್ಲಿ ಇಂಡಿಯಾ ಎಂದೇ ಇಡಿ. ಪವರ್ ಜಾಸ್ತಿ ಸಿಗುತ್ತದೆಂದು ಬೇರೆ ದೇಶ ಆರಿಸುವುದು ಕಾನೂನಿಗೂ ವಿರುದ್ಧ, ಫೋನಿನ ಸಣ್ಣ ದನಿಗೂ ಅದರಿಂದ ಉಪಕಾರವಿಲ್ಲ.

"ಸಂಜೆ ಮಾತ್ರ ನಿಧಾನ"

ದೊಡ್ಡಮನೆಯಲ್ಲೂ ನಿಧಾನವೇ ನೋಡಿ. ಅಲ್ಲೂ ಹಾಗೇ ಇದ್ದರೆ ಕಂಪನಿಯದು, ಅಥವಾ ಮನೆಯವರೆಲ್ಲ ಒಟ್ಟಿಗೆ ವಿಡಿಯೊ ನೋಡುತ್ತಿದ್ದಾರೆ. ಚಿಕ್ಕಮನೆಯಲ್ಲಿ ಮಾತ್ರ ಹೀಗಿದ್ದರೆ ಚಾನೆಲ್ ಬದಲಿಸಿ. 2.4ರಲ್ಲಿ 1, 6, 11 ಈ ಮೂರು ಮಾತ್ರ ಒಂದಕ್ಕೊಂದು ತಾಗುವುದಿಲ್ಲ. ಲಿಂಕಿಗೆ 1 ಕೊಟ್ಟರೆ ಒಳಗಿನ ರೂಟರಿಗೆ 6 ಅಥವಾ 11 ಕೊಡಿ.

"ಸಿಡಿಲಿನ ಮರುದಿನದಿಂದ ಸತ್ತಿದೆ"

ನಮ್ಮಲ್ಲಿ ಸಿಡಿಲು ಜಾಸ್ತಿ ಆಷಾಢದ ಮಳೆಯಲ್ಲಲ್ಲ. ಅಶ್ವಿನಿ-ಭರಣಿಯ ಹೊತ್ತಿಗೆ, ಮತ್ತೆ ಚಿತ್ತೆ-ಸ್ವಾತಿಗೆ. ಮರಕ್ಕೆ ಬಿದ್ದ ಸಿಡಿಲೂ ಉದ್ದದ ತಾಮ್ರದ ಕೇಬಲ್ಲಿನಲ್ಲಿ ಹಾದು ಪೋರ್ಟ್ ಸುಡಬಲ್ಲದು. ರೂಟರ್ ಆನ್ ಇದ್ದು ಒಂದು ಲ್ಯಾನ್ ಪೋರ್ಟ್ ಮಾತ್ರ ಸತ್ತಿದ್ದರೆ ಇದೇ ಕಾರಣ. ಬೇರೆ ಪೋರ್ಟಿಗೆ ಹಾಕಿ ನೋಡಿ. ಸುಟ್ಟ ವಾಸನೆ ಬಂದರೆ, ಅಡಾಪ್ಟರ್ ಉಬ್ಬಿದ್ದರೆ ಮತ್ತೆ ಪ್ಲಗ್ಗಿಗೆ ಹಾಕಬೇಡಿ. ಪೈಪು ಅಥವಾ ಪೆಟ್ಟಿಗೆ ಮುಟ್ಟಿದಾಗ ಜುಂ ಎಂದರೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಬಂದು ಅರ್ತಿಂಗ್ ನೋಡುವವರೆಗೆ ಯಾರನ್ನೂ ಹತ್ತಿರ ಬಿಡಬೇಡಿ.

ಹೊರಗಿನ ಪೈಪಿಗೆ ಅರ್ತ್ ಕೊಟ್ಟು, ಕೇಬಲ್ ಮನೆ ಹೊಗುವಲ್ಲಿ ಲ್ಯಾನ್ ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಹಾನಿ ಕಡಿಮೆ. ಆದರೂ ಮೋಡ ಕಪ್ಪಾದಾಗಲೇ, ಗುಡುಗು ಶುರುವಾಗುವ ಮೊದಲೇ, ಪ್ಲಗ್ ಮತ್ತು ಲ್ಯಾನ್ ಕೇಬಲ್ ಎರಡನ್ನೂ ಕಿತ್ತಿಡುವುದಕ್ಕೆ ಸಮನಾದದ್ದಿಲ್ಲ.

ಗಾಳಿಯ ದಾರಿ ಬಿಡಬೇಕಾದಾಗ

ಓಣಿ ಸಿಗಲಿಲ್ಲ, ನಡುವೆ ದಿಬ್ಬ ಇದೆ, ಪೆಟ್ಟಿಗೆಗಳ ಸಂಖ್ಯೆ ಒಣ ದಿನದಲ್ಲೂ 75ರ ಆಚೆಯೇ ಇದೆ. ಅಷ್ಟಾದ ಮೇಲೂ ಇನ್ನೊಂದು ಆಂಟೆನಾ ತರುವುದು ದುಡ್ಡು ದಂಡ. ಬೇಲಿ ಪಕ್ಕದಲ್ಲಿ ಸಿಂಗಲ್ ಮೋಡ್ ಫೈಬರ್ ಎಳೆಸಿ, ಎರಡು ತುದಿಗೆ ಒಂದು ಜೋಡಿ ಮೀಡಿಯಾ ಕನ್ವರ್ಟರ್ (ಫೈಬರನ್ನು ಲ್ಯಾನ್ ಕೇಬಲ್ಲಿಗೆ ಜೋಡಿಸುವ ಪೆಟ್ಟಿಗೆ) ಇಡಿ. ಒಂಟಿ ಎಳೆಯ ಫೈಬರಿಗೆ ಅದರಲ್ಲಿ ಎ ಒಂದು, ಬಿ ಒಂದು ಇರಬೇಕು. ಎರಡೂ ಎ ಆದರೆ ಲಿಂಕ್ ಲೈಟ್ ಬರುವುದೇ ಇಲ್ಲ. ಎಲೆ, ಮಳೆ, ನೂರು ಮೀಟರಿನ ಮಿತಿ ಯಾವುದೂ ಇದಕ್ಕಿಲ್ಲ. ಲೋಹದ ತಂತಿ ಇಲ್ಲದ ಫೈಬರ್ ಕೇಳಿ ತನ್ನಿ. ಸಾಮಾನ್ಯವಾಗಿ ಮರದಿಂದ ಮರಕ್ಕೆ ಕಟ್ಟುವ ಫೈಬರಿನ ಪಕ್ಕದಲ್ಲಿ ಒಂದು ಸ್ಟೀಲ್ ತಂತಿ ಇರುತ್ತದೆ, ಅದು ಸಿಡಿಲಿಗೆ ದಾರಿ. ತುದಿ ಜೋಡಿಸುವ ಸ್ಪ್ಲೈಸಿಂಗ್ ಕೆಲಸಕ್ಕೆ ಮೆಷಿನ್ ಬೇಕು. ನಿಮ್ಮ ಊರಿಗೆ ಫೈಬರ್ ರಿಪೇರಿಗೆ ಬರುವ ಹುಡುಗರನ್ನೇ ಕೇಳಿದರೆ ಬಿಡುವಿನಲ್ಲಿ ಮಾಡಿಕೊಡುತ್ತಾರೆ. ಕೇಬಲ್ ಎಳೆದು, ಪೈಪಿನೊಳಗೆ ಹಾಕಿ, ಎರಡೂ ತುದಿಯಲ್ಲಿ ನಾಲ್ಕೈದು ಮೀಟರ್ ಸುರುಳಿ ಬಿಟ್ಟು ಆಮೇಲೆ ಅವರನ್ನು ಕರೆಯಿರಿ. ಮುಂದೊಮ್ಮೆ ಹಂದಿ ಕೆದಕಿ ಕಡಿದರೆ ಜೋಡಿಸಲು ಆ ಉದ್ದ ಬೇಕಾಗುತ್ತದೆ.